ಹಲ್ಲಿನ ಮೇಸ್ತ್ರಿಯ ಕುದುರೆ ದಂಡು

ಬಂಧು ಬಳಗದಲ್ಲಿ ಎಲ್ಲರೂ ಅವನನ್ನು ಹಲ್ಲಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನೇನು ಡಾಕ್ಟರಲ್ಲ. ಜನರ ಬಾಯಿ ತೆರೆಸಿ ಇಣುಕುವ ಕೆಲಸ ಮುಂದಿನ ಕೋಣೆಯ ಡಾಕ್ಟರಮ್ಮನದು. ಅವರು ತೆಗೆದುಕೊಟ್ಟ ಅಚ್ಚಿಗೆ ಪ್ಲಾಸ್ಟರ್ ಸುರಿದು, ದವಡೆ ಎರೆದು, ಗುಲಾಬಿ ಮೇಣದ ವಸಡಿನಲ್ಲಿ ಒಂದೊಂದೇ ಹಲ್ಲು ನೆಟ್ಟು, ಬೊಚ್ಚುಬಾಯಿಯವರಿಗೆ ಒಂದು ಸೆಟ್ಟು ಹಲ್ಲು ಕಟ್ಟಿಕೊಡುವುದು ಹಿಂದಿನ ಕೋಣೆಯ ಇವನ ಕೆಲಸ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಗಾಜಿಗೂ ಬಿಳಿ ಧೂಳು ಮೆತ್ತಿಕೊಂಡು ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಗೊತ್ತಾಗುತ್ತಿರಲಿಲ್ಲ. ಗೋಡೆಯ ಹಲಗೆಯ ಮೇಲೆ ಯಾರ್ಯಾರದೋ ದವಡೆಗಳು ಸಾಲಾಗಿ ಕೂತಿರುತ್ತಿದ್ದವು. ಕೆಲಸ ಮುಗಿದ ಸೆಟ್ಟನ್ನು ಅವನು ಬೆಳಕಿಗೆ ಹಿಡಿದು, "ಹೋಗಪ್ಪ, ಇನ್ನು ಚೆನ್ನಾಗಿ ಅಗಿ," ಎಂದು ಬೀಳ್ಕೊಡುತ್ತಿದ್ದ. ಅವನು ಇಡೀ ದಿನದಲ್ಲಿ ಆಡುತ್ತಿದ್ದ ಮಾತು ಕೆಲವು ಸಲ ಅಷ್ಟೇ.

ಮನುಷ್ಯ ಬಲು ಮೆತ್ತಗೆ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡರೂ ತಾನೇ ಕ್ಷಮೆ ಕೇಳುವ ಜಾತಿ. ಅಂಗಡಿಯವನು ಹಳಸಿದ ಬ್ರೆಡ್ ಕೊಟ್ಟರೆ ವಾಪಸ್ ಕೊಡಲು ಹೆಂಡತಿಯನ್ನೇ ಕಳಿಸುತ್ತಿದ್ದ. ಎಲ್ಲಾದರೂ ಜಗಳ ಶುರುವಾದರೆ ಮೆಲ್ಲಗೆ ಅಲ್ಲಿಂದ ಜಾರಿಕೊಳ್ಳುತ್ತಿದ್ದ. ಅಂಥವನು ಭಾನುವಾರ ಮಧ್ಯಾಹ್ನ ಮಾತ್ರ ಬೇರೆಯೇ ಆಗುತ್ತಿದ್ದ. ಆಗ ಅವನ ಕೈಯಲ್ಲಿ ಒಂದು ಕುದುರೆ ದಂಡು ಇರುತ್ತಿತ್ತು.

ಅದು ಹಳೆಯ ಯುದ್ಧಗಳನ್ನು ಮೇಜಿನ ಮೇಲೆ ಆಡುವ ಒಂದು ಆಟ. ಮಂಚದಗಲದ ನಕ್ಷೆ, ಅದರ ಮೇಲೆ ಜೇನುಗೂಡಿನಂತೆ ಆರು ಮೂಲೆಯ ಮನೆಗಳು, ಗುಡ್ಡ, ತೊರೆ, ಸೇತುವೆ, ಹಳ್ಳಿ ಎಲ್ಲ ಬಣ್ಣದಲ್ಲಿ ಬರೆದದ್ದು. ಸೈನ್ಯವೆಂದರೆ ಬೆರಳುಗುರಿನಷ್ಟು ದೊಡ್ಡ ರಟ್ಟಿನ ಬಿಲ್ಲೆಗಳು. ಒಂದೊಂದು ಬಿಲ್ಲೆಯ ಮೇಲೂ ಕಾಲಾಳೋ ಕುದುರೆಯೋ ತೋಪೋ, ಜೊತೆಗೆ ಅದರ ಬಲವೆಷ್ಟು, ಎಷ್ಟು ಮನೆ ನಡೆಯಬಲ್ಲದು ಎಂಬ ಅಂಕಿ. ದಾಳ ಎಸೆದು ಕಾದಾಡಬೇಕು. ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಇಡಬೇಕಾದ್ದರಿಂದ ಚಿಮಟದಲ್ಲಿ ಹಿಡಿದು ಎತ್ತಬೇಕು. ಹಲ್ಲು ಜೋಡಿಸುವವನಿಗೆ ಚಿಮಟ ಹೊಸದೇ?

ಆಡಲು ಎದುರಿಗೆ ಕೂರುತ್ತಿದ್ದವನು ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಬಸ್ ಡಿಪೋದಲ್ಲಿ ಗಾಡಿಗಳು ಹೊರಡುವ, ಬರುವ ಹೊತ್ತು ನೋಡಿಕೊಳ್ಳುವ ಕೆಲಸ. ತೋಳು ಮುಚ್ಚುವ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಅವಸರವೆಂದರೇನೆಂದೇ ಗೊತ್ತಿಲ್ಲದ ಮನುಷ್ಯ. ಮೇಸ್ತ್ರಿ ಅವನನ್ನು ಭಾವ ಎನ್ನುತ್ತಿದ್ದ. ಮದುವೆಯಾದ ಹೊಸತರಲ್ಲಿ ಇಬ್ಬರು ಅಳಿಯಂದಿರೂ ಅತ್ತೆಮನೆಯಲ್ಲಿ ಸೇರಿದಾಗ, ಅಕ್ಕತಂಗಿಯರು ಅಡುಗೆಮನೆ ಹೊಕ್ಕರೆ ಹೊರಗೆ ಬರುತ್ತಿರಲಿಲ್ಲ. ಒಳಗಿಂದ ನಗು ಕೇಳುತ್ತಿತ್ತು, ಪಾತ್ರೆ ಬಿದ್ದ ಸದ್ದು ಕೇಳುತ್ತಿತ್ತು, ಮತ್ತೆ ನಗು. ಹೊರಗೆ ಇವರಿಬ್ಬರು ಎಣ್ಣೆ ಹಾಕದ ಬಾಗಿಲಿನಂತೆ ಆಗೊಂದು ಈಗೊಂದು ಮಾತು ಹೊರಡಿಸುತ್ತ ಕೂತಿರುತ್ತಿದ್ದರು. ಒಮ್ಮೆ ಷಡ್ಡಕ ಹಳೆಯ ಸಾಮಾನಿನ ಅಂಗಡಿಯಿಂದ ಆ ಆಟದ ಪೆಟ್ಟಿಗೆ ತಂದ. ಅತ್ತೆಯ ಮಂಚದ ಮೇಲೆ ನಕ್ಷೆ ಹಾಸಿದರು. ಆಮೇಲೆ ಊಟಕ್ಕೆ ಕರೆದರೂ ಏಳುವವರು ಯಾರು?

ಅತ್ತೆ ತೀರಿಕೊಂಡಾಗ ಅಕ್ಕತಂಗಿಯರ ನಡುವೆ ಮಾತು ಬೆಳೆಯಿತು. ಅತ್ತೆ ಕೊನೆಗಾಲದಲ್ಲಿ ಇದ್ದದ್ದು ದೊಡ್ಡ ಮಗಳ ಮನೆಯಲ್ಲಿ. ಸಾಯುವ ದಿನ ಚಿಕ್ಕವಳು ಬಂದು ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು. "ಬಾಯಿಗೆ ಒಂದು ಚಮಚ ನೀರು ಬಿಡೋಕೂ ನಿನಗೆ ಪುರುಸೊತ್ತಾಗಲಿಲ್ಲ," ಎಂದಳು ಅಕ್ಕ. "ನೀನು ಹೊತ್ತಿಗೆ ಸರಿಯಾಗಿ ಹೇಳಿದ್ದರೆ ತಾನೆ? ಅಮ್ಮನ್ನ ನಿನ್ನೊಬ್ಬಳದೇ ಮಾಡ್ಕೊಂಡು ಮುಚ್ಚಿಟ್ಟುಕೊಂಡೆ," ಎಂದಳು ತಂಗಿ. ಹೆಣ ಇನ್ನೂ ನೆಲದ ಮೇಲಿತ್ತು. ಆಡಬಾರದ್ದನ್ನು ಇಬ್ಬರೂ ಆಡಿದರು. ಅಂದಿನಿಂದ ಒಬ್ಬರ ಹೊಸಿಲು ಒಬ್ಬರು ತುಳಿಯಲಿಲ್ಲ. ಒಂದೇ ಊರು, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಅಕ್ಕ ಎಂಬ ಶಬ್ದವೇ ಮೇಸ್ತ್ರಿಯ ಮನೆಯಲ್ಲಿ ಹುಟ್ಟಡಗಿಹೋಯಿತು.

ಇದಾಗಿ ಕೆಲವು ತಿಂಗಳಿಗೆ, ಒಂದು ಭಾನುವಾರ, ತರಕಾರಿ ಚೀಲ ಹಿಡಿದುಕೊಂಡು ಷಡ್ಡಕ ಹಿಂದಿನ ಬಾಗಿಲಿನಿಂದ ಹಲ್ಲಿನ ಕೋಣೆಗೆ ಬಂದ. ಚೀಲದಲ್ಲಿ ಮೇಲೆ ಎರಡು ಸೌತೆಕಾಯಿ, ಕೆಳಗೆ ಆಟದ ಪೆಟ್ಟಿಗೆ.

"ಮನೇಲಿ ಸಂತೆಗೆ ಅಂತ ಹೇಳಿ ಬಂದಿದೀನಿ," ಎಂದ.

"ನಾನು ಅರ್ಜೆಂಟ್ ಸೆಟ್ಟಿದೆ ಅಂತ ಹೇಳಿ ಬಂದಿದೀನಿ," ಎಂದ ಮೇಸ್ತ್ರಿ.

ಇಬ್ಬರೂ ಕದ್ದು ಸಿನಿಮಾಕ್ಕೆ ಹೋದ ಹುಡುಗರ ಹಾಗೆ ನಕ್ಕರು. ಮುಂದೆ ವರ್ಷಗಟ್ಟಲೆ ಇದೇ ನಡೆಯಿತು. ಮೇಸ್ತ್ರಿಯ ಹೆಂಡತಿ ಪಾಪ, ಭಾನುವಾರವೂ ದುಡಿಯುವ ಗಂಡನಿಗೆಂದು ಫ್ಲಾಸ್ಕಿನ ತುಂಬ ಚಹಾ ಮಾಡಿ ಕಳಿಸುತ್ತಿದ್ದಳು. ಅದರಲ್ಲಿ ಅರ್ಧ ಅವಳ ಭಾವನ ಹೊಟ್ಟೆ ಸೇರುತ್ತಿತ್ತು.

ಆಡುವಾಗ ಮನೆಯ ಸುದ್ದಿ ಬರದೆ ಇರುತ್ತದೆಯೇ? ಷಡ್ಡಕ ಬಿಲ್ಲೆ ಜರುಗಿಸುತ್ತ, ನಿಮ್ಮ ಅತ್ತಿಗೆಗೆ ಕನ್ನಡಕ ಬಂತು, ಮಂಡಿ ನೋವು, ಮೊನ್ನೆ ಜಾರಿ ಬಿದ್ದಳು ಎಂದೆಲ್ಲ ಹೇಳುತ್ತಿದ್ದ. ಮೇಸ್ತ್ರಿಯೂ ತನ್ನವಳ ಸುದ್ದಿ ಹೇಳುತ್ತಿದ್ದ. ಎರಡೂ ಕಡೆಯ ಸುದ್ದಿ ಆ ಕೋಣೆಗೆ ಬಂದು ಅಲ್ಲೇ ಇಂಗಿಹೋಗುತ್ತಿತ್ತು. ಮನೆಗೆ ಒಯ್ದರೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ಹುಟ್ಟಿದರೆ ಭಾನುವಾರ ಹೋಗುತ್ತದೆ. ಯಾರೂ ಇದನ್ನು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಅದು ಹಾಗೇ ನಡೆದುಕೊಂಡು ಬಂದಿತ್ತು.

ಕಳೆದ ಮಳೆಗಾಲದಲ್ಲಿ ಒಂದು ದಿನ ಷಡ್ಡಕ ಗಡ್ಡ ಬೋಳಿಸದೆ ಬಂದ. ನಕ್ಷೆ ಬಿಡಿಸಿದ, ಬಿಲ್ಲೆ ಜೋಡಿಸಿದ. ಆಮೇಲೆ ನಕ್ಷೆ ನೋಡುತ್ತಲೇ ಹೇಳಿದ:

"ಅವಳಿಗೆ ಆಪರೇಷನ್ ಆಯ್ತು ಮೇಸ್ತ್ರಿ. ಹೊಟ್ಟೇಲಿ ಗೆಡ್ಡೆ. ತೆಗೆದಿದ್ದಾರೆ. ಒಳ್ಳೇದಲ್ಲ ಅಂತಾರೆ."

ಮೇಸ್ತ್ರಿ ದಾಳ ಕೆಳಗಿಟ್ಟ. "ಈಗ ಹೇಗಿದ್ದಾರೆ?"

"ಮಂಪರಿನಲ್ಲಿದ್ದಾಳೆ. ಎದ್ದಾಗಲೆಲ್ಲ ತಂಗೀ ತಂಗೀ ಅಂತಾಳೆ. ನರ್ಸು ನನ್ನನ್ನ ಕೇಳ್ತಾಳೆ, ಯಾರ್ರೀ ತಂಗಿ, ಕರೆಸಬಾರದಾ ಅಂತ."

ಪಕ್ಕದ ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಮೇಸ್ತ್ರಿ ಚಿಮಟವನ್ನು ಬಟ್ಟೆಯಲ್ಲಿ ಒರೆಸಿದ, ಮತ್ತೆ ಒರೆಸಿದ.

"ನಾನು ಹೇಳಿದರೆ, ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾಳೆ, ಭಾವ."

"ಅದೇ ನಾನೂ ಯೋಚಿಸಿದೆ. ಮಂಪರಿನಲ್ಲಿ ಏನೋ ಅಂತಾಳೆ. ಎಚ್ಚರವಾದ ಮೇಲೆ ಅವಳೇ ಯಾಕೆ ಕರೆಸಿದಿರಿ ಅಂತ ಹಾರಾಡಬಹುದು."

"ಸ್ವಲ್ಪ ಚೇತರಿಸಿಕೊಳ್ಳಲಿ."

"ಹೂಂ. ಚೇತರಿಸಿಕೊಳ್ಳಲಿ."

ಆಮೇಲೆ ಷಡ್ಡಕ, "ಮೊದಲ ಸರದಿ ನಿಮ್ಮದು," ಎಂದ. ಮೇಸ್ತ್ರಿ ದಾಳ ಎತ್ತಿಕೊಂಡ. ಆವತ್ತು ಸಂಜೆ ಮನೆಗೆ ಹೋದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾವುದೋ ಹಾಡು ಗುನುಗುತ್ತಿದ್ದಳು. ಅವಳ ಮುಖ ನೋಡಲಾರದೆ ಅವನು ನೇರ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ. ಇವತ್ತಲ್ಲ ನಾಳೆ ಹೇಳೋಣ ಎಂದುಕೊಂಡ. ಅತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದರು ಎಂಬ ಸುದ್ದಿ ಬಂದ ಮೇಲೆ ಅವನ ಎದೆಯ ಭಾರ ಇಳಿಯಿತು. ಇನ್ನು ಹೇಳದಿದ್ದರೂ ನಡೆಯುತ್ತದೆ ಎನಿಸಿತು.

ಚಳಿಗಾಲ ಬರುವಷ್ಟರಲ್ಲಿ ಅವನ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಹೆಬ್ಬೆರಳು ಮಾತ್ರ, ಯಾರೋ ಒಳಗಿಂದ ದಾರ ಎಳೆದ ಹಾಗೆ. ಚಳಿಗೆ ಇರಬೇಕು ಎಂದುಕೊಂಡು ಸ್ಪಿರಿಟ್ ದೀಪದ ಮೇಲೆ ಕೈ ಕಾಯಿಸಿಕೊಂಡ. ಹೋಗಲಿಲ್ಲ. ಮೇಣದಲ್ಲಿ ಹಲ್ಲು ನೆಡುವಾಗ ಮುಂದಿನ ಎರಡು ಹಲ್ಲು ಮುಖ ತಿರುಗಿಸಿಕೊಂಡು ನಿಂತವು. ಕಿತ್ತು ಮತ್ತೆ ನೆಟ್ಟ. ಒಂದು ಸೆಟ್ಟಿಗೆ ಹಿಡಿಯುವ ಹೊತ್ತಿನ ಎರಡರಷ್ಟು ಹಿಡಿಯಿತು. ನಿವೃತ್ತ ಹೆಡ್‌ಮೇಷ್ಟರೊಬ್ಬರು ಸೆಟ್ಟು ಹಾಕಿಕೊಂಡು ಹೋದವರು ಮೂರನೇ ದಿನ ವಾಪಸ್ ಬಂದರು. "ಮಾತಾಡಿದರೆ ಕಟಕಟ ಅಂತದೆ. ಮೊಮ್ಮಕ್ಕಳು ಟೈಪ್‌ರೈಟರ್ ತಾತ ಅಂತಿದಾವೆ," ಎಂದರು. ಡಾಕ್ಟರಮ್ಮ ನಕ್ಕು ಸರಿಪಡಿಸಿಕೊಟ್ಟರು. ಮೇಷ್ಟರು ಹೋದ ಮೇಲೆ ಆ ಸೆಟ್ಟಿನ ಅಚ್ಚನ್ನು ತಿರುವಿ ತಿರುವಿ ನೋಡಿ, ಏನೂ ಹೇಳದೆ ಮೇಸ್ತ್ರಿಯ ಮೇಜಿನ ಮೇಲೆ ಇಟ್ಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಷಡ್ಡಕನಿಗೆ ಗೊತ್ತಾದದ್ದು ಆಟದ ನಡುವೆ. ಮೇಸ್ತ್ರಿ ಚಿಮಟದಲ್ಲಿ ಕುದುರೆಗಳ ಪೇರಿಕೆ ಎತ್ತಿದ. ಅದು ಗುಡ್ಡದ ಮೇಲೆ ಚೆಲ್ಲಿಹೋಯಿತು, ಜೊತೆಗೆ ಅಲ್ಲಿದ್ದ ತೋಪುಗಳೂ ಉರುಳಿದವು. ಷಡ್ಡಕ ಎಲ್ಲವನ್ನೂ ಇದ್ದಲ್ಲೇ ಇಟ್ಟ. ಬಸ್ಸುಗಳ ಹೊತ್ತು ನೆನಪಿಟ್ಟುಕೊಂಡು ಪಳಗಿದ ತಲೆ. ಒಂದು ಬಿಲ್ಲೆಯೂ ತಪ್ಪಲಿಲ್ಲ.

"ಎಷ್ಟು ದಿನದಿಂದ?" ಎಂದ.

"ಸ್ವಲ್ಪ ದಿನದಿಂದ. ಯಾರಿಗೂ ಹೇಳಬೇಡಿ ಭಾವ."

"ಯಾರಿಗೆ ಹೇಳಲಿ? ನಾನು ಇಲ್ಲಿಗೆ ಬರೋದೇ ಯಾರಿಗೂ ಗೊತ್ತಿಲ್ಲವಲ್ಲ."

ಅಂದಿನಿಂದ ಎರಡೂ ಕಡೆಯ ಬಿಲ್ಲೆಗಳನ್ನು ಷಡ್ಡಕನೇ ಎತ್ತಿಡತೊಡಗಿದ. ಮೇಸ್ತ್ರಿ ಬೆರಳು ತೋರಿಸಿ ಹೇಳಿದರೆ ಸಾಕು. ತನಗೆ ವಿರುದ್ಧವಾಗಿ ಬರುವ ಕುದುರೆಯನ್ನು ತಾನೇ ಹಿಡಿದು ತಂದು ತನ್ನ ಮುಂದೆ ನಿಲ್ಲಿಸಿಕೊಳ್ಳುವ ಶತ್ರು ಅವನು.

ಕೈ ನಡುಗುವುದನ್ನು ಎಷ್ಟು ದಿನ ಬಚ್ಚಿಡಲಾದೀತು? ಒಂದು ಬೆಳಿಗ್ಗೆ ಡಾಕ್ಟರಮ್ಮ ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. ತಮ್ಮ ತಂದೆಯ ಕಾಲದಿಂದ ಇದ್ದ ಮೇಸ್ತ್ರಿ. ಇನ್ನು ಮೇಲೆ ಸೆಟ್ಟುಗಳನ್ನು ಹೊರಗಡೆ ಮಾಡಿಸುತ್ತೇನೆ ಎಂದರು. ನರದ ಡಾಕ್ಟರ ಹೆಸರು ಹೇಳಿದರು. ಈ ಕೋಣೆಯಲ್ಲಿ ಎಕ್ಸ್‌ರೇ ಯಂತ್ರ ಬರುತ್ತದೆ, ತಿಂಗಳ ಕೊನೆಗೆ ಖಾಲಿಯಾದರೆ ಸಾಕು, ಅವಸರವಿಲ್ಲ ಎಂದರು. ಮೇಸ್ತ್ರಿ ಎಲ್ಲದಕ್ಕೂ "ಆಗಲಿ ಅಮ್ಮ," ಎಂದ. ಮನೆಯಲ್ಲಿ ಇದನ್ನೂ ಹೇಳಲಿಲ್ಲ. ಎಂದಿನಂತೆ ಬುತ್ತಿ ಕಟ್ಟಿಸಿಕೊಂಡು ಬಂದು ಬರಿದಾದ ಮೇಜಿನ ಮುಂದೆ ಕೂತು, ಹಳೆಯ ದವಡೆಗಳ ಧೂಳು ಒರೆಸುತ್ತ ದಿನ ಕಳೆದ.

ಉಳಿದದ್ದು ಒಂದು ಭಾನುವಾರ. ಪೆಟ್ಟಿಗೆಯಲ್ಲಿದ್ದ ಕಾಳಗಗಳಲ್ಲಿ ಅವರು ಅಪರೂಪಕ್ಕೆ ಆಡುತ್ತಿದ್ದದ್ದೊಂದಿತ್ತು. ಮುಗಿಯಲು ಬಹಳ ಹೊತ್ತು ಬೇಕು, ಹೆಚ್ಚಾಗಿ ಕುದುರೆಗಳದ್ದೇ. ಸೋತ ಸೈನ್ಯವೊಂದು ಒಂದೇ ಒಂದು ಸೇತುವೆಯ ಮೇಲೆ ಹೊಳೆ ದಾಟಿ ಪಾರಾಗುತ್ತಿದೆ. ಅದರ ಕುದುರೆ ದಂಡು ಬಯಲಿನಲ್ಲಿ ಅಡ್ಡ ನಿಂತಿದೆ. ಗೆದ್ದ ಕಡೆಯ ಕುದುರೆಗಳು ಅದನ್ನು ಒಡೆದು, ಸಂಜೆಯೊಳಗೆ ಸೇತುವೆ ಮುಟ್ಟಬೇಕು. ಮುಟ್ಟಿದರೆ ಗೆಲುವು. ಇಲ್ಲದಿದ್ದರೆ ಓಡುವವರು ಪಾರು.

"ಅದನ್ನೇ ಆಡೋಣ ಭಾವ. ಬೆಳಿಗ್ಗೆಯೇ ಬನ್ನಿ," ಎಂದಿದ್ದ ಮೇಸ್ತ್ರಿ.

ಷಡ್ಡಕ ಓಡುವ ಕಡೆ. ಅವನಿಗೆ ಅದೇ ಒಗ್ಗುವುದು: ಸೇತುವೆಯ ಮುಂದೆ ಕಾಲಾಳುಗಳನ್ನು ಚೌಕ ಕಟ್ಟಿ ನಿಲ್ಲಿಸಿದ, ಹಿಂದಿನ ದಿಣ್ಣೆಯ ಮೇಲೆ ತೋಪು ಇಟ್ಟ, ಕುದುರೆಗಳನ್ನು ಬಯಲಿನ ನಡುವಿನ ಸಣ್ಣ ತೊರೆಯ ಆಚೆ ಸಾಲಾಗಿ ಹರಡಿದ. ಮೇಸ್ತ್ರಿಯ ದಂಡು ಬೆಳಗಿನ ಮಂಜಿನಲ್ಲಿ ಗುಡ್ಡದ ಬೆನ್ನಿಗಿತ್ತು. ಮಂಜು ಇರುವ ತನಕ ಯಾರೂ ಎರಡು ಮನೆಗಿಂತ ಹೆಚ್ಚು ನಡೆಯುವಂತಿಲ್ಲ ಎಂದು ನಿಯಮ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡು ಕ್ಷಮೆ ಕೇಳುವ ಮನುಷ್ಯ, ಮಂಜು ತೆರೆಯುವುದನ್ನೇ ಕಾದು, ಹಗುರ ಕುದುರೆಗಳನ್ನು ಎಡಕ್ಕೆ ಕಳಿಸಿ ಷಡ್ಡಕನ ಗಮನ ಅತ್ತ ಸೆಳೆದ. ಭಾರಿ ಕುದುರೆಗಳನ್ನು ಮಾತ್ರ ಗುಡ್ಡದ ಹಿಂದೆಯೇ ಅಡಗಿಸಿಕೊಂಡ. ಷಡ್ಡಕ ಎಡಕ್ಕೆ ಎರಡು ದಂಡು ಕಳಿಸಿದ. ನಡುವೆ ಒಂದು ಕಿಂಡಿ ಬಿತ್ತು.

"ಈಗ," ಎಂದ ಮೇಸ್ತ್ರಿ. ಅವನ ಧ್ವನಿಯೇ ಬೇರೆಯಾಗಿತ್ತು. "ಗುಡ್ಡದ ಮೇಲಿಂದ ಪೂರ್ತಿ ಸಾಲು. ಇಳಿಜಾರಿನ ಲಾಭ ಉಂಟು. ದಾಳಿ."

"ಎಲ್ಲವನ್ನೂ? ಹಿಂದೆ ಒಂದಾದರೂ ಇಟ್ಟುಕೊಳ್ಳಿ ಮಾರಾಯರೆ."

"ಎಲ್ಲವನ್ನೂ."

ಷಡ್ಡಕ ತಲೆಯಾಡಿಸುತ್ತ ಆ ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ ತನ್ನ ಸಾಲಿಗೆ ತಾಗಿಸಿಟ್ಟ. ಮೇಸ್ತ್ರಿ ದಾಳವನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಎಸೆದ. ಆರು. ಷಡ್ಡಕನ ನಡುಸಾಲು ಒಡೆದು ತೊರೆಗೆ ಬಿತ್ತು. ಮತ್ತೆ ಎಸೆದ. ಐದು. ಪಕ್ಕದ ದಂಡು ಬೆನ್ನು ತಿರುಗಿಸಿತು. ಮೂರನೆಯದಕ್ಕೆ ಇಬ್ಬರೂ ಎದ್ದು ನಿಂತಿದ್ದರು. ಆರು. ಮೇಸ್ತ್ರಿ ಬಾಯಿ ಬಿಟ್ಟು ನಕ್ಕ. ಕೆಲಸ ಹೋದದ್ದು, ಕೈ ಹೋಗುತ್ತಿರುವುದು ಯಾವುದೂ ಆ ಘಳಿಗೆಯಲ್ಲಿ ಅವನಿಗೆ ನೆನಪಿರಲಿಲ್ಲ.

"ಇನ್ನು ಬೆನ್ನಟ್ಟೋ ದಾಳ," ಎಂದ ಷಡ್ಡಕ. ಅದೊಂದು ಕೆಟ್ಟ ನಿಯಮ. ಗೆದ್ದ ಕುದುರೆ ದಂಡು ತಾನಾಗಿ ನಿಲ್ಲುವಂತಿಲ್ಲ. ದಾಳ ಎಸೆಯಬೇಕು, ನಾಲ್ಕೋ ಮೇಲೋ ಬಿದ್ದರೆ ಓಡುವವರ ಹಿಂದೆ ಹೋಗಲೇಬೇಕು, ಸೇನಾಪತಿಗೆ ಬೇಕಿರಲಿ ಬೇಡದಿರಲಿ. ಹೋದ ಮೇಲೆ ಬಿಲ್ಲೆ ಮಗುಚಬೇಕು. ಹಿಂಬದಿಯಲ್ಲೂ ಅದೇ ಕುದುರೆ, ಆದರೆ ದಣಿದದ್ದು, ಬಲ ಅರ್ಧ.

ಮೇಸ್ತ್ರಿ ದಾಳಕ್ಕೆ ಕೈ ಹಾಕಿದಾಗ ಹಿಂದಿನ ಬಾಗಿಲು ತೆರೆಯಿತು. ಹೆಂಡತಿ ನಿಂತಿದ್ದಳು.

ಡಾಕ್ಟರಮ್ಮ ಮನೆಗೆ ಫೋನು ಮಾಡಿದ್ದರಂತೆ. ಮೇಸ್ತ್ರಿಯನ್ನು ನರದ ಡಾಕ್ಟರಿಗೆ ತೋರಿಸಿದಿರಾ, ಕೆಲಸ ಹೋದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ ತಾನೆ ಎಂದು ಒಳ್ಳೆಯ ಮನಸ್ಸಿನಿಂದ ವಿಚಾರಿಸಿದ್ದರು. ಇವಳಿಗೆ ಭೂಮಿ ಬಾಯ್ಬಿಟ್ಟಂತಾಗಿ, ಉಟ್ಟ ಸೀರೆಯಲ್ಲೇ ಓಡಿಬಂದಿದ್ದಳು. ಗಂಡ ಎಲ್ಲಿ ಒಬ್ಬನೇ ಕೂತು ಏನು ಮಾಡಿಕೊಂಡನೋ ಎಂದು ದಾರಿಯುದ್ದ ಹೆದರಿದ್ದಳು. ಬಂದು ನೋಡಿದರೆ ಗಂಡನ ಮುಖದಲ್ಲಿ ನಗು. ಎದುರಿಗೆ ಅಕ್ಕನ ಗಂಡ, ಕೈಯಲ್ಲಿ ಚಿಮಟ. ಪಕ್ಕದಲ್ಲಿ ತಾನು ತುಂಬಿಕೊಟ್ಟ ಫ್ಲಾಸ್ಕು, ಎರಡು ಲೋಟ.

ಅವಳು ಗಂಡನನ್ನು ಏನೂ ಕೇಳಲಿಲ್ಲ. ಷಡ್ಡಕನನ್ನೇ ನೋಡುತ್ತ, ಬಹಳ ಕಾಲದಿಂದ ನಾಲಿಗೆಯ ಮೇಲೇ ಇದ್ದ ಮಾತಿನ ಹಾಗೆ ಕೇಳಿದಳು:

"ಭಾವ, ಅಕ್ಕ ಹೇಗಿದ್ದಾಳೆ?"

ಅವನು ಗಾಬರಿಯಲ್ಲಿ ನಿಜ ಹೇಳಿಬಿಟ್ಟ. "ಈಗ ಪರವಾಗಿಲ್ಲಮ್ಮ."

"ಈಗ ಅಂದ್ರೆ?"

ಷಡ್ಡಕ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ನಕ್ಷೆಯ ಕಡೆ ನೋಡಿದ. ಆ ಒಂದು ನೋಟದಲ್ಲೇ ಅವಳಿಗೆ ಅರ್ಧ ತಿಳಿದುಹೋಯಿತು. ಉಳಿದದ್ದನ್ನು ಕೇಳಿ ಕೇಳಿ ಬಿಡಿಸಿಕೊಂಡಳು. ಆಪರೇಷನ್ ಯಾವಾಗ, ಯಾವ ಆಸ್ಪತ್ರೆ, ಯಾರು ನೋಡಿಕೊಂಡರು. ಮಂಪರಿನಲ್ಲಿ ತಂಗೀ ಎಂದು ಕರೆದದ್ದೂ ಹೊರಬಿತ್ತು. ಅವಳು ಗೋಡೆಗೆ ಒರಗಿದಳು. ಬೆನ್ನಿಗೆ ಪ್ಲಾಸ್ಟರ್ ಧೂಳು ಹತ್ತಿತು.

"ನಿಮಗೆ ಆವಾಗಲೇ ಗೊತ್ತಿತ್ತಾ?" ಈಗ ಗಂಡನನ್ನು ಕೇಳಿದಳು.

"ಗೊತ್ತಿತ್ತು."

"ಮಳೆಗಾಲದಿಂದ?"

"ಹೂಂ."

"ನಾನು ಮನೇಲಿ ಹಾಡು ಹೇಳ್ಕೊಂಡು ರವಿಕೆ ಹೊಲೀತಿದ್ದೆ. ನೀವು ನೋಡ್ಕೊಂಡು ಓಡಾಡ್ತಿದ್ರಿ." ಅವಳು ಮೇಜಿನ ಹತ್ತಿರ ಬಂದು ನಕ್ಷೆಯನ್ನು ದಿಟ್ಟಿಸಿದಳು. "ಇದೇನಿದು?"

"ಯುದ್ಧ. ಕುದುರೆಗಳ ಯುದ್ಧ."

"ಯಾರ ಯಾರ ನಡುವೆ?"

"ಇಬ್ಬರು ರಾಜರು. ಹಳೇ ಕಾಲದವರು."

"ಬದುಕಿದಾರಾ?"

"ಇಲ್ಲ. ಸತ್ತು ಇನ್ನೂರು ವರ್ಷವಾಯ್ತು."

ಅವಳು ತಲೆಯಾಡಿಸಿದಳು, ಲೆಕ್ಕ ಸರಿಹೋಯಿತು ಎಂಬ ಹಾಗೆ. ಕೂಗಾಡಲಿಲ್ಲ. ನಕ್ಷೆಗೆ ಕೈ ಕೂಡ ತಾಗಿಸಲಿಲ್ಲ. "ಭಾವ, ನನ್ನನ್ನ ಮನೆಗೆ ಕರ್ಕೊಂಡು ಹೋಗಿ," ಎಂದಳು. ಷಡ್ಡಕನಿಗೆ ಒಂದು ಕ್ಷಣ ಯಾವ ಮನೆ ಎಂದು ತಿಳಿಯಲಿಲ್ಲ. ಅಕ್ಕನ ಮನೆ ಎಂದು ತಿಳಿದಾಗ ಅವನ ಮುಖ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತು. ಚಿಮಟ ಕೆಳಗಿಟ್ಟು, ತರಕಾರಿ ಚೀಲ ಮರೆತು ಅವಳ ಹಿಂದೆ ಹೊರಟ.

ಮೇಸ್ತ್ರಿ ಒಬ್ಬನೇ ಉಳಿದ. ನಾನೂ ಬರಲಾ ಎಂದು ಕೇಳಬೇಕಿತ್ತು. ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಏನು ಮಾಡಲೂ ತೋಚದೆ ದಾಳ ಎಸೆದ. ನಾಲ್ಕು. ಕುದುರೆಗಳು ಬೆನ್ನಟ್ಟಲೇಬೇಕಾಯಿತು. ನಡುಗುವ ಬೆರಳಲ್ಲೇ ಅವನ್ನು ತಳ್ಳಿ ತಳ್ಳಿ ತೊರೆ ದಾಟಿಸಿದ, ಬಿಲ್ಲೆ ಮಗುಚಿದ, ಚೌಕ ಕಟ್ಟಿದ ಕಾಲಾಳುಗಳ ಎದುರಿಗೆ ತಂದು ನಿಲ್ಲಿಸಿದ. ಆಮೇಲೆ ಷಡ್ಡಕನ ಪರವಾಗಿ ತೋಪಿನ ದಾಳವನ್ನೂ ತಾನೇ ಎಸೆದ. ಬೇಕೆಂದೇ ಕೆಟ್ಟದಾಗಿ ಎಸೆಯಲು ಬರುವುದಿಲ್ಲವಲ್ಲ. ಗುಡ್ಡದಿಂದ ಇಳಿದ ಸಾಲಿನಲ್ಲಿ ಸಂಜೆಯ ಹೊತ್ತಿಗೆ ಉಳಿದದ್ದು ಒಂದೇ ದಂಡು, ಅದೂ ಸೇತುವೆಗೆ ಮೂರು ಮನೆ ಈಚೆ. ಹಿಂದೆ ಇಟ್ಟುಕೊಂಡದ್ದು ಏನೂ ಇರಲಿಲ್ಲ. ಅವನು ಬಿಲ್ಲೆಗಳನ್ನೆಲ್ಲ ಅಂಗೈಯಿಂದ ಬಳಿದು ಪೆಟ್ಟಿಗೆಗೆ ಹಾಕಿದ. ಕೆಲವು ಮೇಜಿನ ಕೆಳಗೆ ಬಿದ್ದವು. ಬಗ್ಗಿ ಹುಡುಕಲು ಮನಸ್ಸಾಗಲಿಲ್ಲ.

ಹೆಂಡತಿ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವಳು ಚಪ್ಪಲಿ ಬಿಟ್ಟು ನೀರು ಕುಡಿದು ಕುರ್ಚಿಯ ತುದಿಯಲ್ಲಿ ಕೂತಳು. ಅತ್ತು ಮುಗಿಸಿ ಬಂದ ಮುಖ.

"ಅಕ್ಕ ಬಾಗಿಲು ತೆಗೆದಳು," ಎಂದಳು. "ಗುರುತೇ ಸಿಗಲಿಲ್ಲ ನನಗೆ. ಮಗುವಿನ ಹಾಗಾಗಿದ್ದಾಳೆ. ಈಗ ಬಂದೆಯಾ ಅಂದಳು. ಅಷ್ಟೇ."

ಅವಳು ನೀರಿನ ಲೋಟ ಕೆಳಗಿಟ್ಟಳು.

"ನನಗೆ ಗೊತ್ತೇ ಇರಲಿಲ್ಲ ಕಣೇ ಅಂದೆ. ಅವಳು ನಂಬಲಿಲ್ಲ. ಎಚ್ಚರವಾದ ಮೇಲೆ ಅವಳು ಭಾವನಿಗೆ ಹೇಳಿದ್ದಳಂತೆ, ತಂಗೀನ ಕರೆಸಿ ಅಂತ. ಎರಡು ಸಲ ಹೇಳಿದಳಂತೆ. ಭಾವ, ಹೇಳಿ ಕಳಿಸಿದೀನಿ ಅಂದರಂತೆ."

ಮೇಸ್ತ್ರಿ ತಲೆ ಎತ್ತಿದ. ಇದು ಅವನಿಗೂ ಗೊತ್ತಿರಲಿಲ್ಲ.

"ಹೇಳಿ ಕಳಿಸಿದೀನಿ, ಅವಳು ಬರಲ್ಲ ಅಂದಳು ಅಂತ ಹೇಳಿಬಿಟ್ಟರಂತೆ. ಆರು ತಿಂಗಳು ಅಕ್ಕ ಅದನ್ನೇ ನಂಬಿಕೊಂಡು ಮಲಗಿದ್ದಾಳೆ. ಸಾಯೋ ಹಾಗಿದ್ದಾಗ ಕರೆದರೂ ತಂಗಿ ಬರಲಿಲ್ಲ ಅಂತ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೇಳೋಕೆ ಹೆದರಿಕೆ ಆಯ್ತು ಅಂತ ಭಾವ ನಿಂತಲ್ಲೇ ಗಳಗಳ ಅತ್ತರು. ಏನು ಹೆದರಿಕೆ? ಯಾರ ಹೆದರಿಕೆ? ನಾವಿಬ್ಬರೂ ನಿಮ್ಮನ್ನ ತಿಂದುಬಿಡ್ತಿದ್ವಾ?"

ಅವನಿಗೆ ಷಡ್ಡಕನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಸುಳ್ಳು ಹೇಗೆ ಹುಟ್ಟಿತು, ಯಾವ ಧ್ವನಿಯಲ್ಲಿ ಹೊರಬಿತ್ತು ಎಂಬುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅವನ ಜಾಗದಲ್ಲಿ ತಾನಿದ್ದರೆ ತಾನೂ ಅದನ್ನೇ ಹೇಳುತ್ತಿದ್ದೆ ಎಂದು ತಿಳಿದು, ಕೂತಲ್ಲೇ ಕುಗ್ಗಿಹೋದ.

ಮುಂದೆ ತಂಗಿ ವಾರಕ್ಕೆರಡು ಸಲ ಅಕ್ಕನ ಮನೆಗೆ ಹೋಗತೊಡಗಿದಳು. ಮೊದಮೊದಲು ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳಂತೆ. ಆಮೇಲೆ ತಲೆ ಬಾಚಿಸಿಕೊಂಡಳು. ಆಮೇಲೆ ಒಂದು ದಿನ, ನೀನು ಹೊಲಿದ ರವಿಕೆಗೆ ಯಾವತ್ತೂ ಕಂಕುಳು ಬಿಗಿ ಎಂದು ಬೈದಳಂತೆ. ಅದನ್ನು ಹೇಳುವಾಗ ಮಾತ್ರ ಮೇಸ್ತ್ರಿಯ ಹೆಂಡತಿ ನಕ್ಕಳು. ಬೇಸಿಗೆ ಹತ್ತಿರವಾಗುವಾಗ ಗೆಡ್ಡೆ ಮತ್ತೆ ಬಂದಿತ್ತು, ಈ ಸಲ ಒಂದೇ ಕಡೆಯಲ್ಲ, ಎಲ್ಲೆಲ್ಲೂ. ತಂಗಿ ಬಟ್ಟೆಬರೆ ಗಂಟು ಕಟ್ಟಿಕೊಂಡು ಅಲ್ಲಿಗೇ ಹೋಗಿ ಉಳಿದಳು. ಇಲ್ಲಿ ಮೇಸ್ತ್ರಿ ತಾನೇ ಬೇಯಿಸಿಕೊಂಡ, ಎಡಗೈಯಲ್ಲಿ ಉಣ್ಣುವುದು ಕಲಿತ, ನರದ ಡಾಕ್ಟರು ಕೊಟ್ಟ ಗುಳಿಗೆ ನುಂಗಿದ. ಕೈ ನಡುಗುವುದು ಸ್ವಲ್ಪ ಕಡಿಮೆಯಾಯಿತು ಅನ್ನುವಷ್ಟರಲ್ಲಿ ಕಾಲು ಎಳೆಯತೊಡಗಿತು. ಹೋಗಿ ಅತ್ತಿಗೆಯನ್ನು ನೋಡಿಕೊಂಡು ಬರಬೇಕೆಂದು ಎಷ್ಟೋ ಸಲ ಹೊರಟು ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬಂದ.

ಅತ್ತಿಗೆ ತೀರಿಕೊಂಡದ್ದು ಒಂದು ಬೆಳಿಗ್ಗೆ, ತಂಗಿ ಬಾಯಿಗೆ ನೀರು ಬಿಡುತ್ತಿದ್ದಾಗ.

ಸುಡುಗಾಡಿನಲ್ಲಿ ಇಬ್ಬರು ಷಡ್ಡಕರೂ ಬೇರೆ ಬೇರೆ ಮರದ ಕೆಳಗೆ ನಿಂತಿದ್ದರು. ಕೊನೆಯಲ್ಲಿ ದೊಡ್ಡವನು ಹತ್ತಿರ ಬಂದ. ಜೇಬಿನಲ್ಲಿ ಪೆನ್ನು ಇರಲಿಲ್ಲ.

"ಕೈ ಹೇಗಿದೆ ಮೇಸ್ತ್ರಿ?"

"ಹೀಗಿದೆ," ಎಂದು ಮೇಸ್ತ್ರಿ ಕೈ ಮುಂದೆ ಚಾಚಿದ. ಇಬ್ಬರೂ ಅದು ನಡುಗುವುದನ್ನು ಸ್ವಲ್ಪ ಹೊತ್ತು ನೋಡಿದರು. ಯಾರೋ ಕರೆದರು, ಷಡ್ಡಕ ಹೋದ. ಅವನು ಕೆಲಸದಿಂದ ನಿವೃತ್ತನಾಗಿ ಮಗಳ ಮನೆ ಸೇರಿಕೊಂಡ ಎಂಬ ಸುದ್ದಿ ಆಮೇಲೆ ಬಂತು. ಅವರಿಬ್ಬರೂ ಮತ್ತೆ ಎದುರುಬದುರು ಕೂರಲಿಲ್ಲ.

ಹೆಂಡತಿ ಮನೆಗೆ ಮರಳಿದಳು. ಜಗಳವಾಡಲಿಲ್ಲ, ಹಳೆಯದನ್ನು ಎತ್ತಲಿಲ್ಲ. ಗಂಡನಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದಳು: ಗುಳಿಗೆ ಹೊತ್ತಿಗೆ ಸರಿಯಾಗಿ ಕೊಟ್ಟಳು, ಅನ್ನ ಕಲಸಿ ಚಮಚ ಇಟ್ಟಳು. ಆದರೆ ಹೊಲಿಗೆ ಯಂತ್ರದ ಮುಂದೆ ಕೂತಾಗ ಗುನುಗುವುದು ನಿಂತುಹೋಗಿತ್ತು. ಅವನು ಪಕ್ಕದ ಕೋಣೆಯಲ್ಲಿ ಕೂತು ಆ ಯಂತ್ರದ ಸದ್ದನ್ನೇ ಕೇಳುತ್ತಿದ್ದ. ಅದು ನಿಂತಾಗಲೆಲ್ಲ ಈಗ ಏನಾದರೂ ಹೇಳುತ್ತಾಳೆ ಎಂದು ಕಿವಿ ನಿಮಿರಿಸುತ್ತಿದ್ದ. ಸದ್ದು ಮತ್ತೆ ಶುರುವಾಗುತ್ತಿತ್ತು.

ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೊರಡಬೇಕಿತ್ತು. ಅಂಗಿಯ ಗುಂಡಿಗಳ ಜೊತೆ ಅವನು ಗುದ್ದಾಡುತ್ತಿರುವುದನ್ನು ಕಂಡು ಅವಳು ಎದ್ದು ಬಂದಳು. ಕೆಳಗಿನಿಂದ ಒಂದೊಂದಾಗಿ ಹಾಕುತ್ತ ಬಂದಳು. ಅವಳ ತಲೆ ಅವನ ಎದೆಯ ಹತ್ತಿರವಿತ್ತು. ಬೈತಲೆಯಲ್ಲಿ ಬಿಳಿ ಕೂದಲು ಹೆಚ್ಚಾಗಿದ್ದವು. ಅವನು ಧೈರ್ಯ ಮಾಡಿದ.

"ನಾನು ಆವತ್ತೇ ನಿನಗೆ ಹೇಳಬೇಕಿತ್ತು," ಎಂದ.

ಅವಳ ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಮೇಲಿನ ಗುಂಡಿಗೆ ಸರಿಯಿತು.

"ಕತ್ತು ಸ್ವಲ್ಪ ಎತ್ತಿ," ಎಂದಳು.